ಯ್ಯಾಕ್ ಯಾರ ಮನೀದು?

ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ ‘ಜ್ಞಾನ ಸಂಗಮ’ ಇದೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಆವರಣ. ಅಲ್ಲಿ ಅಚ್ಚಾದ ಪಠ್ಯಕ್ರಮ ಬೀದರಿನಿಂದ ಚಾಮರಾಜನಗರದ ತನಕದ ಇಂಜಿನಿಯರಿಂಗ್ ಹುಡುಗರ ತಲೆಬಿಸಿಯನ್ನು ನಿರ್ಧರಿಸುತ್ತದೆ. 2018ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್ ಆರನೇ ಸೆಮಿಸ್ಟರಿಗೆ ಸಿಸ್ಟಮ್ ಸಾಫ್ಟ್‌ವೇರ್ ಲ್ಯಾಬ್ ಇತ್ತು. ಮೊದಲ ಪ್ರಯೋಗದಲ್ಲೇ ಎರಡು ಸಲಕರಣೆ ಬೇಕು. ಒಂದು ಲೆಕ್ಸ್: ಕೊಟ್ಟ ಲೆಕ್ಕದ ಸಾಲಿನಲ್ಲಿ ಅಂಕಿ ಎಷ್ಟು, ಕೂಡಿಸುವ ಗುಣಿಸುವ ಚಿಹ್ನೆ ಎಷ್ಟು ಎಂದು ಬೇರ್ಪಡಿಸಿ ಎಣಿಸಬೇಕು. ಇನ್ನೊಂದು ಯ್ಯಾಕ್: ಆ ಲೆಕ್ಕವನ್ನು ವ್ಯಾಕರಣದ ಪ್ರಕಾರ ಬಿಡಿಸಿ ಉತ್ತರ ಹೇಳಬೇಕು.

ಕಾಲೇಜಿನ ಲ್ಯಾಬಿನಲ್ಲಿ ಇವೆರಡೂ ಎಲ್ಲಿಂದ ಬಂದವು ಎಂದು ಯಾರೂ ಕೇಳುವುದಿಲ್ಲ. ಯಾವ ಕಾಲದಲ್ಲೋ ಒಬ್ಬ ಲ್ಯಾಬ್ ಸಹಾಯಕರು ಎಲ್ಲ ಯಂತ್ರಗಳಿಗೂ ಹಾಕಿಟ್ಟು ಹೋಗಿರುತ್ತಾರೆ. ಹುಡುಗರು ಬಂದು ಕಮಾಂಡ್ ಒತ್ತುತ್ತಾರೆ, ನಡೆಯುತ್ತದೆ, ರೆಕಾರ್ಡ್ ಬುಕ್ಕಿಗೆ ಸಹಿ ಬೀಳುತ್ತದೆ. 2018ರಲ್ಲಿ ಸೇರಿದವರು ಆರನೇ ಸೆಮಿಸ್ಟರಿಗೆ ಬಂದದ್ದು 2021ರಲ್ಲಿ, ಕೊರೊನಾದ ಎರಡನೇ ಅಲೆ ಎದ್ದಾಗ. ಲ್ಯಾಬಿಗೆ ಬೀಗ. ಹುಡುಗರು ಊರಿಗೆ. ಬೈಲಹೊಂಗಲದ ಸುತ್ತಿನ ಹಳ್ಳಿಗೆ, ಸವದತ್ತಿಗೆ, ರಾಮದುರ್ಗಕ್ಕೆ, ಕಿತ್ತೂರಿಗೆ. ಲ್ಯಾಪ್‌ಟಾಪ್ ಇದ್ದವರು ಅದಕ್ಕೆ ಉಬುಂಟು 20.04 ಎಂಬ ಲಿನಕ್ಸ್ ಹಾಕಿಕೊಂಡರು. ಇಲ್ಲದವರು ಮೊಬೈಲಿನಲ್ಲೇ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಇಳಿಸಿಕೊಂಡು, ಹೆಬ್ಬೆರಳಿನಲ್ಲಿ ಪ್ರೋಗ್ರಾಂ ಕುಟ್ಟಿದರು. ಸಹಿ ಹಾಕುವವರು ಪರದೆಯ ಆಚೆ, ಸಲಕರಣೆ ಹಾಕಿಡುವವರು ಯಾರೂ ಇಲ್ಲ.

ನನ್ನ ಅಕ್ಕನ ಮಗನೂ ಆ ಬ್ಯಾಚಿನವನೇ. ಬೈಲಹೊಂಗಲ ತಾಲೂಕಿನ ಹಳ್ಳಿ, ಮಾಳಿಗೆಯ ಮೇಲೆ ಹತ್ತಿದರೆ ಮಾತ್ರ ನೆಟ್‌ವರ್ಕ್. ಫೋನ್ ಮಾಡಿದ.

“ಮಾಮಾ, ಲೆಕ್ಸ್ ಅಂದ್ರ ನಾಟ್ ಫೌಂಡ್ ಅಂತೈತಿ.”

“ಮತ್ತ ಏನ್ ಮಾಡಿದಿ?”

“ಆಪ್ಟ್ ಇನ್‌ಸ್ಟಾಲ್ ಲೆಕ್ಸ್ ಅಂತ ಕೊಟ್ಟೆ. ಆ ಹೆಸರಿನ ಪ್ಯಾಕೇಜೇ ಸಿಗವಲ್ದು ಅಂತೈತಿ.”

ಇಲ್ಲೊಂದು ಕಡೆ ಎಲ್ಲರೂ ಎಡವುತ್ತಾರೆ. ಕಮಾಂಡಿನ ಹೆಸರೇ ಪ್ಯಾಕೇಜಿನ ಹೆಸರು ಎಂದುಕೊಂಡು ಹೊರಡುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು, ಹಾಗಾಗಿಯೇ ಅಭ್ಯಾಸ ಬಿಡುವುದಿಲ್ಲ. ಆದರೆ ‘ಎಲ್‌ಎಸ್’ ಎಂಬ ಕಮಾಂಡ್ ಬರುವುದು ಕೋರ್‌ಯುಟಿಲ್ಸ್ ಎಂಬ ಪ್ಯಾಕೇಜಿನಿಂದ, ‘ಪಿಎಸ್’ ಬರುವುದು ಪ್ರಾಕ್‌ಪಿಎಸ್‌ನಿಂದ. ನಮ್ಮ ಕಡೆ ಮುಂಗಾರು ಹತ್ತಿರ ಬಂದಾಗ ಕೂರಿಗಿ ಬೇಕಾದರೆ, ಅದು ಯಾರ ಮನೆಯ ಹಿತ್ತಲಲ್ಲಿದೆ ಅಂತ ತಿಳಿದವರನ್ನು ಕೇಳಬೇಕೇ ಹೊರತು, ‘ಕೂರಿಗಿ’ ಅಂತ ಅಡ್ಡಹೆಸರಿನ ಮನೆ ಹುಡುಕುತ್ತ ಹೋದರೆ ಸಿಗುವುದಿಲ್ಲ.

ಲೆಕ್ಸ್‌ನ ಮಟ್ಟಿಗೆ ಈ ಹೆಸರು ತಪ್ಪಿಹೋದದ್ದಕ್ಕೆ ಒಂದು ಇತಿಹಾಸವೇ ಇದೆ. ಮೂಲ ಲೆಕ್ಸ್ ಹುಟ್ಟಿದ್ದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, 1975ರಲ್ಲಿ ಅದರ ವಿವರಣೆ ಹೊರಬಂತು. ಬರೆದವರು ಮೈಕ್ ಲೆಸ್ಕ್ ಮತ್ತು ಎರಿಕ್ ಶ್ಮಿಟ್. ಹೌದು, ಮುಂದೆ 2001ರಲ್ಲಿ ಗೂಗಲ್‌ನ ಮುಖ್ಯಸ್ಥನಾದ ಅದೇ ಶ್ಮಿಟ್. ಯ್ಯಾಕ್ ಬರೆದವರು ಅಲ್ಲೇ ಇದ್ದ ಸ್ಟೀಫನ್ ಜಾನ್ಸನ್. ಇವೆರಡೂ ಎಟಿ ಅಂಡ್ ಟಿ ಕಂಪನಿಯ ಯುನಿಕ್ಸ್ ಜೊತೆಗಿದ್ದ ಸ್ವತ್ತು. ಯಾರು ಬೇಕಾದರೂ ನಕಲಿಸಿ ಹಂಚುವಂತಿರಲಿಲ್ಲ. ಹಾಗಾಗಿ ಬೇರೆಯವರು ಅದೇ ಕೆಲಸ ಮಾಡುವ ಮುಕ್ತ ಸಲಕರಣೆ ಬರೆದರು. ಲೆಕ್ಸ್ ಜಾಗಕ್ಕೆ ಕ್ಯಾಲಿಫೋರ್ನಿಯಾದ ವರ್ನ್ ಪ್ಯಾಕ್ಸನ್ 1980ರ ದಶಕದ ಕೊನೆಯ ಹೊತ್ತಿಗೆ ಫ್ಲೆಕ್ಸ್ ತಂದರು. ಯ್ಯಾಕ್ ಜಾಗಕ್ಕೆ ಬೈಸನ್ ಬಂತು. ಅದನ್ನು ರಾಬರ್ಟ್ ಕಾರ್ಬೆಟ್ ಬರೆದದ್ದು, ಯ್ಯಾಕ್‌ಗೆ ಸರಿಹೊಂದುವಂತೆ ತಿದ್ದಿದ್ದು ರಿಚರ್ಡ್ ಸ್ಟಾಲ್‌ಮನ್. ಸಲಕರಣೆಗಳು ಬದಲಾದರೂ ಕಮಾಂಡಿನ ಹಳೇ ಹೆಸರು ಸಾಯಲಿಲ್ಲ. ಪಾಸಿಕ್ಸ್ ಎಂಬ ಯುನಿಕ್ಸ್ ಮಾನದಂಡದಲ್ಲಿ ಲೆಕ್ಸ್, ಯ್ಯಾಕ್ ಎಂದೇ ಬರೆದಿದೆ. ವಿಟಿಯು ಪಠ್ಯಕ್ರಮದಲ್ಲೂ ಹಾಗೇ ಇತ್ತು. ಫ್ಲೆಕ್ಸ್ ಪ್ಯಾಕೇಜು ಹಾಕಿದರೆ ಅದು ‘ಫ್ಲೆಕ್ಸ್’ ಎಂಬ ಕಮಾಂಡನ್ನೂ, ಜೊತೆಗೆ ‘ಲೆಕ್ಸ್’ ಎಂಬ ಹೆಸರನ್ನೂ ಇಟ್ಟು ಹೋಗುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಆ ಹುಡುಗ ಕೇಳುತ್ತಾನೆಯೇ? “ನಾಟ್ ಫೌಂಡ್ ಅಂದದ್ದರ ಮುಂದ ಏನ್ ಬರದೈತಿ, ಓದು” ಎಂದೆ. ಓದಿದ. ‘ಆದರೆ ಇದನ್ನು ಹೀಗೆ ಹಾಕಿಕೊಳ್ಳಬಹುದು: ಸುಡೋ ಆಪ್ಟ್ ಇನ್‌ಸ್ಟಾಲ್ ಫ್ಲೆಕ್ಸ್’ ಎಂಬರ್ಥದ ಸಾಲು ಅಲ್ಲೇ ಇತ್ತು. ಇಂಗ್ಲಿಷಿನಲ್ಲಿ ಬಂದ ಬೈಗುಳ ಓದುವುದನ್ನು ನಾವು ಮೊದಲ ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ಅದರಲ್ಲಿ ಬುದ್ಧಿವಾದವೂ ಇರಬಹುದೆಂಬ ನಂಬಿಕೆ ನಮಗೆ ಬರುವುದು ತಡ.

ಫ್ಲೆಕ್ಸ್ ಹಾಕಿಕೊಂಡ. ಆಮೇಲೆ ಒಂದು ಒಳ್ಳೆಯ ಪ್ರಶ್ನೆ ಕೇಳಿದ: “ನನ್ನ ಲ್ಯಾಪ್‌ಟಾಪ್‌ನ್ಯಾಗ ಇಲ್ಲದ್ದು ಯಾವ ಪ್ಯಾಕೇಜಿನ್ಯಾಗ ಐತಿ ಅಂತ ನನ್ನ ಲ್ಯಾಪ್‌ಟಾಪ್‌ಗೆ ಹ್ಯಾಂಗ ಗೊತ್ತಾತು? ಆವಾಗ ನೆಟ್ ಸೈತ ಇದ್ದಿಲ್ಲ.”

ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು. 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಉಬುಂಟುವಿಗೆ ಮೂಲವಾದ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಘೋಷಿಸಿದ. ಅದರ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಸಾಧನ ಡಿಪಿಕೆಜಿ. ಪ್ರತಿ ಪ್ಯಾಕೇಜು ಹಾಕಿದಾಗಲೂ ಅದು ಯಾವ ಯಾವ ಫೈಲುಗಳನ್ನು ಎಲ್ಲೆಲ್ಲಿ ಇಟ್ಟಿತು ಎಂದು ಡಿಪಿಕೆಜಿ ಒಂದು ಪಟ್ಟಿ ಬರೆದಿಡುತ್ತದೆ. ‘ಡಿಪಿಕೆಜಿ -ಎಸ್’ (ಎಸ್ ದೊಡ್ಡಕ್ಷರ) ಎಂದು ಒಂದು ಫೈಲಿನ ದಾರಿ ಕೊಟ್ಟರೆ ಆ ಪಟ್ಟಿಗಳನ್ನೆಲ್ಲ ತಡಕಿ, ಇದು ಇಂಥ ಪ್ಯಾಕೇಜಿಗೆ ಸೇರಿದ್ದು ಎಂದು ಹೇಳುತ್ತದೆ. ರೆಡ್ ಹ್ಯಾಟ್‌ನವರ ಆರ್‌ಪಿಎಂನಲ್ಲೂ ‘-ಕ್ಯೂಎಫ್’ ಎಂದರೆ ಇದೇ ಕೆಲಸ. ಚೆನ್ನಾಗಿದೆ, ಆದರೆ ಇದು ಮನೆಯೊಳಗೆ ಇರುವ ಸಾಮಾನಿನ ಲೆಕ್ಕ ಮಾತ್ರ. ಇನ್ನೂ ಹಾಕಿಕೊಳ್ಳದ ಪ್ಯಾಕೇಜಿನ ಪಟ್ಟಿ ಯಂತ್ರದೊಳಗೆ ಇರುವುದಾದರೂ ಹೇಗೆ?

ಡೆಬಿಯನ್‌ನವರು ಇದಕ್ಕೊಂದು ಒರಟಾದ, ಆದರೆ ಸರಿಯಾದ ಉಪಾಯ ಮಾಡಿದ್ದರು. ತಮ್ಮ ಭಂಡಾರದಲ್ಲಿರುವ ಎಲ್ಲ ಪ್ಯಾಕೇಜುಗಳ ಎಲ್ಲ ಫೈಲುಗಳ ಹೆಸರನ್ನೂ ಒಂದೇ ದೊಡ್ಡ ಪಠ್ಯಕಡತದಲ್ಲಿ ಬರೆದು, ಕುಗ್ಗಿಸಿ, ಭಂಡಾರದ ಜೊತೆಗೇ ಇಟ್ಟರು. ಅದರ ಹೆಸರು ಕಂಟೆಂಟ್ಸ್. ಒಂದೊಂದು ಬಗೆಯ ಪ್ರೊಸೆಸರಿಗೆ ಒಂದೊಂದು. ಸಾಲಿನ ಎಡಕ್ಕೆ ಫೈಲಿನ ದಾರಿ, ಬಲಕ್ಕೆ ವಿಭಾಗ ಮತ್ತು ಪ್ಯಾಕೇಜು. ‘ಯುಎಸ್‌ಆರ್/ಬಿನ್/ಲೆಕ್ಸ್’ ಎಂಬ ಸಾಲಿನ ಬಲಕ್ಕೆ ‘ಡೆವೆಲ್/ಫ್ಲೆಕ್ಸ್’ ಎಂದಿರುತ್ತದೆ. ಅಷ್ಟೇ ಅದರ ವಿದ್ಯೆ. ಬೇಕಾದವರು ಆ ಕಡತವನ್ನು ಇಳಿಸಿಕೊಂಡು ಗ್ರೆಪ್ ಎಂಬ ಹುಡುಕುವ ಕಮಾಂಡಿನಿಂದ ಸೋಸಿ ನೋಡುತ್ತಿದ್ದರು. 2000ರ ದಶಕದ ಆರಂಭದಲ್ಲಿ ಸೆಬಾಸ್ಟಿಯನ್ ಗ್ರಾಸ್ ಎಂಬುವರು ಆ ಇಳಿಸುವ, ಸೋಸುವ ಕೆಲಸವನ್ನೇ ಸುಲಭ ಮಾಡಿ ಆಪ್ಟ್-ಫೈಲ್ ಬರೆದರು. ರೆಡ್ ಹ್ಯಾಟ್ ಬಳಗದಲ್ಲಿ ‘ಯಮ್ ಪ್ರೊವೈಡ್ಸ್’ ಬಂತು, ಈಗ ‘ಡಿಎನ್‌ಎಫ್ ಪ್ರೊವೈಡ್ಸ್’. ಕೆಲಸ ಒಂದೇ: ಈ ಫೈಲು ಯಾರಲ್ಲಿದೆ?

ಆದರೆ ಆಪ್ಟ್-ಫೈಲ್ ಎಂಬುದೊಂದಿದೆ ಎಂದು ಗೊತ್ತಿರುವವನಿಗೆ ಸಾಮಾನ್ಯವಾಗಿ ಫ್ಲೆಕ್ಸ್ ಕೂಡ ಗೊತ್ತಿರುತ್ತದೆ. ಕೇಳಬೇಕಾದವನಿಗೆ ಕೇಳುವ ಕಮಾಂಡೇ ಗೊತ್ತಿಲ್ಲ. ಈ ತೊಡಕು ಉಬುಂಟುವಿಗೆ ಹೆಚ್ಚು ತಾಗಿತು, ಯಾಕೆಂದರೆ ಅದು ಹೊಸಬರ ಕೈಗೆ ಹೋಗುತ್ತಿತ್ತು. ಅದರ ಹಿಂದಿರುವ ಕೆನಾನಿಕಲ್ ಕಂಪನಿ 2011ರ ತನಕ ಕೇಳಿದವರಿಗೆಲ್ಲ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿತ್ತು. ಒಂದು ಸಿಡಿಯಲ್ಲಿ ಹಿಡಿಸುವುದೇ 700 ಎಂಬಿ, ಅದರಲ್ಲಿ ಎಲ್ಲರಿಗೂ ಬೇಕಾದದ್ದಷ್ಟನ್ನೇ ತುಂಬಬೇಕು. ಲೆಕ್ಸ್, ಯ್ಯಾಕ್ ಅಂಥವು ಹೊರಗೇ ಉಳಿದವು. ಹೀಗಾಗಿ ‘ಕಮಾಂಡ್ ನಾಟ್ ಫೌಂಡ್’ ಎಂಬ ಮೂರು ಪದ ಹೊಸಬರಿಗೆ ಮೇಲಿಂದ ಮೇಲೆ ಸಿಗುತ್ತಿತ್ತು.

ಪೋಲೆಂಡಿನ ಜಿಗ್ಮುಂಟ್ ಕ್ರಿನಿಟ್ಸ್ಕಿ ಎಂಬ ಯುವಕನಿಗೆ ಹೊಳೆದದ್ದು ಇದು: ಬಳಕೆದಾರ ಬಂದು ಕೇಳುವ ತನಕ ಯಾಕೆ ಕಾಯಬೇಕು? ಅವನು ತಪ್ಪು ಒತ್ತಿದ ಕ್ಷಣದಲ್ಲೇ ಹೇಳಿಬಿಟ್ಟರಾಯಿತು. 2006, 2007ರ ಹೊತ್ತಿಗೆ ಆತ ಬರೆದ ಪ್ರೋಗ್ರಾಮಿಗೆ ಆ ದೋಷವಾಕ್ಯದ್ದೇ ಹೆಸರು, ಕಮಾಂಡ್-ನಾಟ್-ಫೌಂಡ್. ಉಬುಂಟುವಿನ ಮೈಕೆಲ್ ವೋಗ್ಟ್ ಮುಂತಾದವರು ಅದನ್ನು ಬೆಳೆಸಿದರು. ಮೊದಲು ಭಂಡಾರದ ಪ್ಯಾಕೇಜುಗಳನ್ನು ಒಂದೊಂದಾಗಿ ಬಿಚ್ಚಿ, ಕಮಾಂಡುಗಳು ಇರಬಹುದಾದ ಬಿನ್, ಎಸ್‌ಬಿನ್, ಗೇಮ್ಸ್ ಇಂಥ ಕೆಲವೇ ಜಾಗಗಳ ಹೆಸರನ್ನು ಮಾತ್ರ ಹೆಕ್ಕಿದರು. ಹೆಲ್ಪ್ ಪುಟ, ಚಿತ್ರ, ಫಾಂಟ್ ಎಲ್ಲ ಬಿಟ್ಟದ್ದರಿಂದ ಕಂಟೆಂಟ್ಸ್ ಕಡತದಷ್ಟು ದೊಡ್ಡದಾಗಬೇಕಾದ್ದು ಯಂತ್ರದೊಳಗೇ ಇಟ್ಟುಕೊಳ್ಳುವಷ್ಟು ಚಿಕ್ಕದಾಯಿತು. ಮೊದಮೊದಲು ಅದೂ ಒಂದು ಪ್ಯಾಕೇಜಾಗಿ ಬರುತ್ತಿತ್ತು. ಆಮೇಲಿನ ಉಬುಂಟು ಆವೃತ್ತಿಗಳಲ್ಲಿ ‘ಆಪ್ಟ್ ಅಪ್‌ಡೇಟ್’ ಮಾಡಿದಾಗಲೆಲ್ಲ ಹೊಸ ಪಟ್ಟಿ ಇಳಿದು, ಯಂತ್ರದೊಳಗೆ ಒಂದು ಸಣ್ಣ ಡೇಟಾಬೇಸಾಗಿ ಕೂರುತ್ತದೆ. ಅಕ್ಕನ ಮಗನಿಗೆ ನೆಟ್ ಇಲ್ಲದೆಯೂ ಉತ್ತರ ಸಿಕ್ಕಿದ್ದು ಹೀಗೆ.

ಇನ್ನೊಂದು ಅರ್ಧ ಕೆಲಸ ಬಾಕಿ ಇತ್ತು. ನಾವು ಒತ್ತಿದ್ದನ್ನು ಮೊದಲು ಓದುವುದು ಬ್ಯಾಶ್ ಎಂಬ ಶೆಲ್. ಅದು ತನಗೆ ಗೊತ್ತಿರುವ ದಾರಿಗಳಲ್ಲೆಲ್ಲ ಹುಡುಕಿ, ಸಿಗದಿದ್ದರೆ 127 ಎಂಬ ಸಂಖ್ಯೆ ಹಿಂದಿರುಗಿಸಿ ಸುಮ್ಮನಾಗುತ್ತಿತ್ತು. ಸುಮ್ಮನಾಗುವ ಮುಂಚೆ ಬೇರೊಬ್ಬನನ್ನು ಒಂದು ಮಾತು ಕೇಳು ಎಂದು ಅದಕ್ಕೆ ಹೇಳಿಕೊಡಬೇಕು. ಉಬುಂಟು ತನ್ನ ಬ್ಯಾಶಿಗೆ ಆ ಕೊಕ್ಕೆಯನ್ನು ತಾನೇ ಜೋಡಿಸಿಕೊಂಡಿತು. 2009ರ ಫೆಬ್ರುವರಿಯಲ್ಲಿ ಬಂದ ಬ್ಯಾಶ್ 4.0ರಲ್ಲಿ ಅದು ಅಧಿಕೃತವಾಗಿಯೇ ಸೇರಿತು. ಫೆಡೊರಾದಲ್ಲಿ ಪ್ಯಾಕೇಜ್‌ಕಿಟ್ ಮೂಲಕ ಇಂಥದ್ದೇ ಬಂತು. ಟರ್ಮಕ್ಸ್‌ನಲ್ಲೂ ಇದೆ, ಮೊಬೈಲಿನಲ್ಲಿ ಕುಟ್ಟುತ್ತಿದ್ದ ರಾಮದುರ್ಗದ ಹುಡುಗನಿಗೂ ‘ಪಿಕೆಜಿ ಇನ್‌ಸ್ಟಾಲ್’ ಎಂಬ ಸೂಚನೆ ಸಿಗುತ್ತಿತ್ತು. ನನಗನ್ನಿಸುವಂತೆ ಇದರಲ್ಲಿ ಬುದ್ಧಿವಂತಿಕೆಯ ಭಾಗ ಕಡಿಮೆ. ಯಾರೋ ಕೂತು ಪಟ್ಟಿ ಮಾಡಿದ್ದಾರೆ, ಇನ್ಯಾರೋ ಅದನ್ನು ಸರಿಯಾದ ಹೊತ್ತಿಗೆ ಮುಂದೆ ಹಿಡಿದಿದ್ದಾರೆ. ಎರಡನೆಯದು ಹೊಳೆಯುವುದಕ್ಕೆ ಮಾತ್ರ ಡೆಬಿಯನ್ ಹುಟ್ಟಿದ ಮೇಲೆ ಹದಿಮೂರು ವರ್ಷ ಹಿಡಿಯಿತು.

ಲೆಕ್ಸ್ ಮುಗಿಯಿತು ಎನ್ನುವಾಗ ಯ್ಯಾಕ್ ಎದ್ದು ನಿಂತಿತು. ಅದಕ್ಕೆ ಉಬುಂಟು ಒಂದಲ್ಲ, ಒಂದಕ್ಕಿಂತ ಹೆಚ್ಚು ಹೆಸರು ಹೇಳಿತು: ಬೈಸನ್ ಹಾಕಿಕೊ, ಇಲ್ಲವೇ ಬೈಯ್ಯಾಕ್ ಹಾಕಿಕೊ. “ಯಾವದ್ ಹಾಕ್ಲಿ?” ಎಂದ. ಬೈಸನ್ ಹಾಕು ಎಂದೆ. ಪ್ರೋಗ್ರಾಂ ನಡೆಯಿತು. ಆಗ ಹುಡುಗನಿಗೆ ಹುರುಪು ಬಂದು, ಕಲಿತ ಹೊಸ ವಿದ್ಯೆಯನ್ನು ಪರೀಕ್ಷಿಸಿದ. ‘ಡಿಪಿಕೆಜಿ -ಎಸ್’ ಎಂದು ಬರೆದು ಮುಂದೆ ಯ್ಯಾಕ್‌ನ ದಾರಿ ಕೊಟ್ಟ. ಆ ದಾರಿ ಯಾವ ಪ್ಯಾಕೇಜಿನಲ್ಲೂ ಇಲ್ಲ ಎಂದು ಬಂತು.

“ಮಾಮಾ, ಬೈಸನ್ ಹಾಕಿದ ಮ್ಯಾಲೇ ಯ್ಯಾಕ್ ಬಂದೈತಿ. ಕೇಳಿದ್ರ ಬೈಸನ್ದಲ್ಲ ಅಂತೈತಿ. ಹಂಗಾದ್ರ ಇದು ಯಾರ ಮನೀದು?”

ಇಡೀ ಪ್ರಸಂಗದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಈ ಪ್ರಶ್ನೆ. ಉತ್ತರ ಡೆಬಿಯನ್‌ನ ಇನ್ನೊಂದು ಏರ್ಪಾಡಿನಲ್ಲಿದೆ. ಬೈಸನ್, ಬೈಯ್ಯಾಕ್ ಎರಡಕ್ಕೂ ಯ್ಯಾಕ್ ಎನಿಸಿಕೊಳ್ಳುವ ಹಕ್ಕಿದೆ. ಎರಡೂ ಪ್ಯಾಕೇಜುಗಳು ‘ಯುಎಸ್‌ಆರ್/ಬಿನ್/ಯ್ಯಾಕ್’ ಎಂಬ ಫೈಲನ್ನೇ ಹೊತ್ತು ತಂದರೆ ಒಂದರ ಮೇಲೊಂದು ಬಿದ್ದು ಜಗಳ. ಅದಕ್ಕೆ ಯಾರೂ ಆ ಫೈಲನ್ನು ತರುವುದಿಲ್ಲ. ಬೈಸನ್ ತರುವುದು ‘ಬೈಸನ್.ಯ್ಯಾಕ್’ ಎಂಬ ಫೈಲು, ಬೈಯ್ಯಾಕ್ ತರುವುದು ‘ಬೈಯ್ಯಾಕ್’ ಎಂಬ ಫೈಲು. ಹಾಕಿ ಮುಗಿದ ಮೇಲೆ ಪ್ಯಾಕೇಜಿನೊಳಗಿನ ಒಂದು ಚಿಕ್ಕ ಸ್ಕ್ರಿಪ್ಟ್ ಓಡಿ, ಅಪ್‌ಡೇಟ್-ಆಲ್ಟರ್ನೇಟಿವ್ಸ್ ಎಂಬ ವ್ಯವಸ್ಥೆಗೆ ‘ಯ್ಯಾಕ್ ಎಂದು ಯಾರಾದರೂ ಕರೆದರೆ ನಾನಿದ್ದೇನೆ’ ಎಂದು ಹೆಸರು ಬರೆಸುತ್ತದೆ. ಆ ವ್ಯವಸ್ಥೆ ಇರುವವರಲ್ಲಿ ಒಬ್ಬನನ್ನು ಆರಿಸಿ, ‘ಯ್ಯಾಕ್’ ಎಂಬ ಕೊಂಡಿಯನ್ನು ಆ ಕಡೆಗೆ ತಿರುಗಿಸುತ್ತದೆ. ಕೊಂಡಿ ಹುಟ್ಟುವುದು ಹಾಕಿದ ಮೇಲೆ. ಡಿಪಿಕೆಜಿ ಪಟ್ಟಿಯಲ್ಲಿರುವುದು ಪ್ಯಾಕೇಜಿನೊಳಗಿದ್ದ ಫೈಲುಗಳು. ಹಾಗಾಗಿ ಆ ಕೊಂಡಿಗೆ ಕಾಗದದ ಮೇಲೆ ಒಡೆಯನೇ ಇಲ್ಲ.

ಹಿಡಿಯುವ ದಾರಿ ಇದೆ. ‘ರೀಡ್‌ಲಿಂಕ್ -ಎಫ್’ ಎಂದು ಯ್ಯಾಕ್‌ನ ದಾರಿ ಕೊಟ್ಟರೆ, ಅದು ಕೊಂಡಿಯಿಂದ ಕೊಂಡಿಗೆ ನಡೆದು, ಇಟಿಸಿ ಕೋಶದೊಳಗಿನ ಆಲ್ಟರ್ನೇಟಿವ್ಸ್ ದಾಟಿ, ಕೊನೆಗೆ ‘ಯುಎಸ್‌ಆರ್/ಬಿನ್/ಬೈಸನ್.ಯ್ಯಾಕ್’ ಎಂದು ತೋರಿಸುತ್ತದೆ. ಆ ಹೆಸರನ್ನು ಡಿಪಿಕೆಜಿಗೆ ಕೊಟ್ಟರೆ ‘ಬೈಸನ್’ ಎಂದು ಉತ್ತರ. ಹುಡುಗ ಮಾಡಿ ನೋಡಿದ. ಖುಷಿಯಾಯಿತು. ಆದರೆ ಕೂಡಲೇ ಇನ್ನೊಂದು ಕೇಳಿದ: “ಪಟ್ಟಿವಳಗ ಯ್ಯಾಕ್ ಇಲ್ಲಂದ್ರ, ಹಾಕೂಕಿಂತ ಮದ್ಲ ಉಬುಂಟುಗ ಹ್ಯಾಂಗ ಗೊತ್ತಿತ್ತು?” ಬರೀ ಫೈಲುಗಳ ಹೆಸರು ನೋಡಿದ್ದರೆ ಗೊತ್ತಾಗುತ್ತಿರಲಿಲ್ಲ. ಆಪ್ಟ್-ಫೈಲ್‌ಗೆ ಆ ಪೂರ್ತಿ ದಾರಿ ಕೊಟ್ಟು ಕೇಳಿದರೆ ಅದು ತಡಬಡಾಯಿಸುವುದು ಇಲ್ಲೇ. ಪ್ಯಾಕೇಜಿನೊಳಗಿನ ಆ ಚಿಕ್ಕ ಸ್ಕ್ರಿಪ್ಟುಗಳು ಯಾವ ಹೆಸರನ್ನು ಬರೆಸುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಪಟ್ಟಿಗೆ ಯ್ಯಾಕ್ ಸೇರಬಲ್ಲದು.

ಇದೇ ತರಹದ ಇನ್ನೊಂದು ಗುಂಡಿಯೂ 20.04ರಲ್ಲಿತ್ತು. ಎಲ್‌ಎಸ್ ಎಲ್ಲಿದೆ ಎಂದು ಕೇಳಿದರೆ ಯುಎಸ್‌ಆರ್/ಬಿನ್ ಒಳಗೆ ಎನ್ನುತ್ತದೆ. ಆ ದಾರಿಯನ್ನು ಡಿಪಿಕೆಜಿಗೆ ಕೊಟ್ಟರೆ ಗೊತ್ತಿಲ್ಲ ಎನ್ನುತ್ತದೆ, ಯಾಕೆಂದರೆ ಪಟ್ಟಿಯಲ್ಲಿ ಹಳೆಯ ಬಿನ್ ಎಂದೇ ಬರೆದಿದೆ. ಎರಡು ಕೋಶಗಳನ್ನು ಒಂದುಗೂಡಿಸಿದಾಗ ಪಟ್ಟಿಯನ್ನು ತಿದ್ದಿರಲಿಲ್ಲ. ಮುಂದೆ ಸ್ಲ್ಯಾಶ್ ಹಾಕದೆ, ನಕ್ಷತ್ರದ ಚಿಹ್ನೆ ಹಾಕಿ ಹುಡುಕುವುದು ಕ್ಷೇಮ.

ಕೆಲವು ವಾರದ ನಂತರ ಗ್ರಾಫಿಕ್ಸ್ ಲ್ಯಾಬ್ ಶುರುವಾಯಿತು. ಅದೂ ಆರನೇ ಸೆಮಿಸ್ಟರಿನದೇ, ಓಪನ್‌ಜಿಎಲ್‌ನಲ್ಲಿ ತಿರುಗುವ ಬಣ್ಣದ ಘನ, ಮೇಜಿನ ಮೇಲಿನ ಚಹಾದ ಕೆಟಲ್ ಬರೆಯುವುದು. ಈ ಸಲ ಫೋನ್ ಬಂದದ್ದು ಅವನ ಕಿತ್ತೂರಿನ ಗೆಳೆಯನಿಂದ. ಜಿಸಿಸಿ ಕಂಪೈಲರ್ ‘ಜಿಎಲ್/ಗ್ಲಟ್.ಎಚ್ ಎಂಬ ಫೈಲು ಇಲ್ಲ’ ಎಂದು ಕೆಲಸ ನಿಲ್ಲಿಸಿತ್ತು. ಮುಂದೆ ಏನೂ ಬರೆದಿರಲಿಲ್ಲ, ಇದನ್ನು ಹಾಕಿಕೊ ಎಂಬ ಸಾಲಿಲ್ಲ. ಇರಲು ಸಾಧ್ಯವೂ ಇಲ್ಲ. ಕ್ರಿನಿಟ್ಸ್ಕಿಯ ಕೊಕ್ಕೆ ಇರುವುದು ಶೆಲ್ಲಿನಲ್ಲಿ. ಇಲ್ಲಿ ಶೆಲ್ ಜಿಸಿಸಿಯನ್ನು ಹುಡುಕಿಕೊಟ್ಟು ತನ್ನ ಕೆಲಸ ಮುಗಿಸಿದೆ, ಹೆಡರ್ ಫೈಲು ಸಿಗದೆ ಸೋತದ್ದು ಜಿಸಿಸಿ. ಅಲ್ಲದೆ ಗ್ಲಟ್.ಎಚ್ ಕಮಾಂಡೂ ಅಲ್ಲ, ಚಿಕ್ಕ ಪಟ್ಟಿಯಿಂದ ಹೊರಗೆ ಬಿಟ್ಟ ಸಾಮಾನಿನಲ್ಲಿ ಅದೂ ಒಂದು.

ಇಲ್ಲಿ ದೊಡ್ಡ ಪಟ್ಟಿಯೇ ಬೇಕು. ಆಪ್ಟ್-ಫೈಲ್ ಹಾಕಿಸಿ, ಕಂಟೆಂಟ್ಸ್ ಇಳಿಸಿಕೊಳ್ಳಲು ಹೇಳಿದೆ. ಕುಗ್ಗಿಸಿದ ಮೇಲೂ ಹತ್ತಾರು ಎಂಬಿ, ಆ ದಿನದ ಡೇಟಾ ಪ್ಯಾಕಿನಲ್ಲಿ ಆನ್‌ಲೈನ್ ಕ್ಲಾಸೂ ನಡೆಯಬೇಕು. ಹುಡುಗ ಒಂದು ನಿಮಿಷ ಯೋಚಿಸಿ, ರಾತ್ರಿ ಹನ್ನೆರಡರ ನಂತರ, ಹೊಸ ದಿನದ ಡೇಟಾ ಬಂದ ಮೇಲೆ ಇಳಿಸುವುದಾಗಿ ಹೇಳಿದ. ಬೆಳಿಗ್ಗೆ ಸ್ಕ್ರೀನ್‌ಶಾಟ್ ಬಂತು. ‘ಆಪ್ಟ್-ಫೈಲ್ ಸರ್ಚ್ ಜಿಎಲ್/ಗ್ಲಟ್.ಎಚ್’ ಎಂದದ್ದಕ್ಕೆ ಉತ್ತರದಲ್ಲಿ ಫ್ರೀಗ್ಲಟ್3-ಡೆವ್ ಎಂಬ ಹೆಸರಿತ್ತು. ಇದರದೂ ಲೆಕ್ಸ್ ತರಹದ್ದೇ ಕತೆ. ಮೂಲ ಗ್ಲಟ್ ಬರೆದವರು ಮಾರ್ಕ್ ಕಿಲ್ಗಾರ್ಡ್, ಅದರ ಪರವಾನಗಿ ತಿದ್ದಿ ಹಂಚಲು ಬಿಡುತ್ತಿರಲಿಲ್ಲ. ಹಾಗಾಗಿ ಪಾವೆಲ್ ಓಲ್ಷ್ತಾ 1999ರ ಡಿಸೆಂಬರಿನಲ್ಲಿ ಫ್ರೀಗ್ಲಟ್ ಬರೆಯಲು ಕೂತರು. ಪ್ಯಾಕೇಜಿಗೆ ಹೊಸಬನ ಹೆಸರು, ಫೈಲಿಗೆ ಹಳಬನ ಹೆಸರು. ಪಠ್ಯಕ್ರಮದವರು ಹಳಬನನ್ನೇ ನೆನಪಿಟ್ಟುಕೊಂಡಿರುತ್ತಾರೆ.

ಆ ಹುಡುಗರು ತಮ್ಮ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೂರು ಸಾಲು ಹಾಕಿದರು: ಲೆಕ್ಸ್‌ಗೆ ಫ್ಲೆಕ್ಸ್, ಯ್ಯಾಕ್‌ಗೆ ಬೈಸನ್, ಗ್ಲಟ್.ಎಚ್‌ಗೆ ಫ್ರೀಗ್ಲಟ್3-ಡೆವ್. ಆ ಮೂರು ಸಾಲು ಮುಂದಿನ ಬ್ಯಾಚಿಗೆ ಹೋಯಿತು, ಅದರ ಮುಂದಿನದಕ್ಕೂ ಹೋಯಿತು. ಜೊತೆಗೆ ‘ಹೀಗೆ ಹುಡುಕಬೇಕು’ ಎಂಬ ಆಪ್ಟ್-ಫೈಲ್ ಸಾಲನ್ನೂ ಹಾಕಿ ಎಂದು ಹೇಳಿದ್ದೆ. ಅದನ್ನು ಯಾರೂ ಹಾಕಲಿಲ್ಲ, ಉತ್ತರ ಗೊತ್ತಿರುವಾಗ ಹುಡುಕುವುದ್ಯಾಕೆ ಎಂದರು. 2024ರಲ್ಲಿ ಬಂದ ಉಬುಂಟು 24.04ರಲ್ಲಿ ಗ್ಲಟ್.ಎಚ್ ಇರುವುದು ಲಿಬ್‌ಗ್ಲಟ್-ಡೆವ್ ಎಂಬ ಪ್ಯಾಕೇಜಿನಲ್ಲಿ. ಫ್ರೀಗ್ಲಟ್3-ಡೆವ್ ಎಂಬ ಹೆಸರನ್ನು ಸದ್ಯಕ್ಕೆ ಆ ಹೊಸ ಪ್ಯಾಕೇಜಿನ ಕಡೆಗೆ ಕೈತೋರಿಸುವ ಖಾಲಿ ಪ್ಯಾಕೇಜಾಗಿ ಉಳಿಸಿಕೊಂಡಿದ್ದಾರೆ.